ಬೆತ್ತ ಹಿಡಿಯದ ಮಾಸ್ತರರು

ಅವರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. "ಇಷ್ಟು ವರ್ಷ ಮಾಸ್ತರಕಿ ಮಾಡಿದ್ರು, ಒಂದು ಕೂಸಿನ ಮೈಮ್ಯಾಲ ಕೈ ಮಾಡಲಿಲ್ಲ ನೋಡ್ರಿ" ಎಂದರು ಹೆಡ್‌ಮಾಸ್ತರರು. ಬಿಸಿಯೂಟದ ಅಡುಗೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅವರ ಕೈಯಾಗ ಬೆತ್ತ ನಾ ಕಂಡೇ ಇಲ್ಲರಿ" ಎಂದಳು. ನಿಜವೇ. ನಾನು ಅವರ ಕೈಕೆಳಗೆ ಏಳನೆಯ ತರಗತಿ ಕಲಿತವಳು, ಆಮೇಲೆ ಅದೇ ಶಾಲೆಗೆ ಶಿಕ್ಷಕಿಯಾಗಿ ಬಂದು ಅವರ ಕೊನೆಯ ವರ್ಷಗಳಲ್ಲಿ ಜೊತೆಗೆ ಕೆಲಸ ಮಾಡಿದವಳು. ಅವರು ಬೆತ್ತ ಹಿಡಿದದ್ದನ್ನು ನಾನೂ ಕಂಡಿಲ್ಲ. ಅವರಿಗೆ ಅದು ಬೇಕಾಗಿರಲಿಲ್ಲ.

ಕೆನಾಲ್ ನೀರು ಮೊದಲ ಸಲ ನಮ್ಮ ಊರಿಗೆ ಬಂದ ಹೊಸದರಲ್ಲೇ ಅವರೂ ಬಂದರಂತೆ. ಶಹಾಪುರದಲ್ಲಿ ಮನೆ, ಅಲ್ಲಿಂದ ಬಸ್ಸಿನಲ್ಲಿ ಬಂದು ಡಾಂಬರು ರಸ್ತೆಯಲ್ಲಿ ಇಳಿದು, ಹೋಟೆಲಿನಲ್ಲಿ ಇಟ್ಟಿರುತ್ತಿದ್ದ ಸೈಕಲ್ ಹತ್ತಿ ಕೆನಾಲ್ ದಂಡೆಗುಂಟ ಶಾಲೆಗೆ ಬರುತ್ತಿದ್ದರು. ಬಿಳಿ ಅಂಗಿ, ತೋಳು ಮೊಣಕೈವರೆಗೆ ಮಡಚಿದ್ದು, ಕಿವಿಯ ಮೇಲೆ ಸಿಕ್ಕಿಸಿದ ಸೀಮೆಸುಣ್ಣ. ನಗುಮುಖ. ಎದುರು ಬಂದ ಹೆಣ್ಣುಮಕ್ಕಳಿಗೆ ಸೈಕಲ್‌ನಿಂದ ಇಳಿದು ದಾರಿ ಬಿಡುತ್ತಿದ್ದರು. ಯಾವ ಹುಡುಗನ ಮನೆಯಲ್ಲಿ ಯಾರಿಗೆ ಜ್ವರ, ಯಾರ ಎಮ್ಮೆ ಈದಿದೆ, ಯಾರ ಅಪ್ಪ ಕುಡಿದು ಎಲ್ಲಿ ಬಿದ್ದಿದ್ದ ಎಲ್ಲವೂ ಅವರಿಗೆ ಗೊತ್ತಿರುತ್ತಿತ್ತು. ಊರವರು ಅದನ್ನು ಪ್ರೀತಿ ಎಂದುಕೊಂಡಿದ್ದರು.

ಗಣಿತ ಅವರಂತೆ ಹೇಳಿಕೊಡುವವರನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ. ಬರಿಗೈಯಲ್ಲೇ ಕಪ್ಪು ಹಲಗೆಯ ಮೇಲೆ ವೃತ್ತ ಎಳೆದರೆ ದಾರ ಹಿಡಿದು ಎಳೆದಂತಿರುತ್ತಿತ್ತು. ಭಿನ್ನರಾಶಿ ಕಲಿಸುವ ದಿನ ತಮ್ಮ ಬುತ್ತಿಯ ಜೋಳದ ರೊಟ್ಟಿಯನ್ನೇ ಮೇಜಿನ ಮೇಲೆ ಮುರಿದು, ಅರ್ಧ, ಕಾಲು, ಅರೆಪಾವು ಎಂದು ಹಂಚಿ, ಕೊನೆಗೆ ತುಣುಕುಗಳನ್ನು ನಮಗೇ ತಿನ್ನಿಸುತ್ತಿದ್ದರು. ಅವರ ಕೈಯಲ್ಲಿ ಕಲಿತ ಹುಡುಗರು ವಸತಿ ಶಾಲೆಗಳ ಪರೀಕ್ಷೆಯಲ್ಲಿ ಪಾಸಾಗಿ ಹೋಗುತ್ತಿದ್ದರು. ಯಾದಗಿರಿಯಿಂದ ಸಾಹೇಬರು ಬಂದಾಗ ಬೇರೆ ತರಗತಿ ನೋಡುತ್ತಲೇ ಇರಲಿಲ್ಲ, ನೇರ ಅವರ ಕೋಣೆಗೇ ಬರುತ್ತಿದ್ದರು. ಇದನ್ನೆಲ್ಲ ಹೇಳದೆ ಉಳಿದದ್ದನ್ನು ಹೇಳಿದರೆ ಅನ್ಯಾಯ. ಹೇಳಿದರೂ ಉಳಿದದ್ದು ಕಡಿಮೆಯಾಗುವುದಿಲ್ಲ.

ನಮ್ಮ ಶಾಲೆಯಲ್ಲಿ ಆರನೆಯ ತರಗತಿವರೆಗೆ ನೆಲ. ಏಳನೆಯ ತರಗತಿಯಲ್ಲಿ ಮಾತ್ರ ಬೆಂಚು. ಹುಟ್ಟಿದಾಗಿನಿಂದ ನೆಲದ ಮೇಲೆ ಕೂತು ಕಲಿತ ಮಕ್ಕಳಿಗೆ ಕಾಲು ಇಳಿಬಿಟ್ಟು ಕೂರುವುದು ದೊಡ್ಡ ಸಂಗತಿ. ಬೇಸಿಗೆ ರಜೆ ಮುಗಿದು ಜೂನ್‌ನಲ್ಲಿ ಶಾಲೆ ತೆರೆಯುವ ದಿನ ಏಳನೆಯ ತರಗತಿಯವರು ಎಲ್ಲರಿಗಿಂತ ಮುಂಚೆ ಬಂದು ಬೆಂಚಿಗಾಗಿ ಗುದ್ದಾಡುತ್ತಿದ್ದರು. ನಾನೂ ಗುದ್ದಾಡಿ ಎರಡನೆಯ ಬೆಂಚಿನಲ್ಲಿ ಜಾಗ ಹಿಡಿದೆ. ನನ್ನ ಪಕ್ಕದಲ್ಲಿ ಸುಜಾತಾ ಕೂತಳು.

ಸುಜಾತಾಳ ಅಪ್ಪ ಮರೆಪ್ಪ, ಕೆನಾಲ್ ಬಂದ ಮೇಲೆ ಆಂಧ್ರದವರು ಬಂದು ನೆಲೆಸಿದ ಕ್ಯಾಂಪಿನಲ್ಲಿ ಭತ್ತದ ನಾಟಿ ಮಾಡಿಸುತ್ತಿದ್ದವನು. ಅವರ ಓಣಿ ಊರಿನಾಚೆ. ಆ ಓಣಿಯವರು ಗೋಗಿಯ ಕಡೆಯ ಒಂದು ಸಭೆಗೆ ಹೋಗಿ ಬೌದ್ಧರಾಗಿ ಬಂದಿದ್ದರು. ಅಲ್ಲಿ ಭಾಷಣದಲ್ಲಿ ಕೇಳಿದ ಹೆಸರನ್ನೇ ಮರೆಪ್ಪ ಮಗಳಿಗೆ ಇಟ್ಟಿದ್ದ. ಮಲ್ಲಮ್ಮ, ಭೀಮವ್ವ, ಹಣಮವ್ವರ ನಡುವೆ ನಮ್ಮ ತರಗತಿಯಲ್ಲಿ ಅವಳೊಬ್ಬಳೇ ಸುಜಾತಾ.

ಅದರ ಹಿಂದಿನ ಚಳಿಗಾಲದಲ್ಲಿ ಅವಳ ಅವ್ವ ಕೆನಾಲಿನಲ್ಲಿ ಸತ್ತಿದ್ದಳು. ನಮ್ಮ ಕಡೆಯವರಿಗೆ ಗೊತ್ತಿದ್ದುದು ಬಾವಿ, ಹಳ್ಳ. ಹಳ್ಳದಲ್ಲಿ ಕಾಲು ಜಾರಿದರೆ ಮರಳು ಸಿಗುತ್ತದೆ, ಬೇರು ಸಿಗುತ್ತದೆ. ಕೆನಾಲಿನ ಸಿಮೆಂಟಿನ ಇಳಿಜಾರಿನಲ್ಲಿ ಹಿಡಿಯಲು ಏನೂ ಇಲ್ಲ. ಕೌದಿ ಒಗೆಯಲು ಹೋದವಳು ನೆನೆದ ಕೌದಿಯ ಭಾರಕ್ಕೆ ಜಾರಿದಳು. ಕೆಳಗಿನ ತೂಬಿನ ಸರಳಿಗೆ ಸೀರೆ ಸಿಕ್ಕಿಕೊಂಡು ನಿಂತಿದ್ದಳು. ಶಾಲೆಯ ಹಿಂದೆಯೇ ಆ ತೂಬು. ಹೆಣ ಎತ್ತುವುದನ್ನು ನಾವೆಲ್ಲ ನೋಡಿದ್ದೆವು. ಸುಜಾತಾಳೂ ನೋಡಿದ್ದಳು.

ಇನ್ನು ಆ ಮೊದಲ ದಿನದ ಮಾತು.

ಅವರು ಒಳಗೆ ಬಂದರು, ನಾವು ಎದ್ದು ನಿಂತು ನಮಸ್ಕಾರ ಹೇಳಿದೆವು. ಕೂಡ್ರಿ ಎಂದು ಕೈಸನ್ನೆ ಮಾಡಿ, ಹೊಸ ಹಾಜರಿ ಪುಸ್ತಕ ತೆಗೆದು ಒಂದೊಂದೇ ಹೆಸರು ಕರೆದರು. ಹೆಸರು ಕರೆದು, ಎದ್ದು ನಿಂತವರನ್ನು ಮೇಲಿಂದ ಕೆಳಗೆ ನೋಡಿ, ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಿದ್ದರು. ಹಿಂದಿನ ವರ್ಷದವರು ನಮಗೆ ಮೊದಲೇ ಹೇಳಿದ್ದರು: ಸರ್ ಕನ್ನಡಕ ತೆಗೆದರೆ ಹೆಸರು ಇಡುತ್ತಾರೆ. ಅವರು ಇಟ್ಟ ಹೆಸರು ಹೋಗುವುದಿಲ್ಲ.

ಹಣಮಂತ ಎಂಬ ಹುಡುಗನಿಗೆ ಪೋಲಿಯೋ ಆಗಿ ಒಂದು ಕಾಲು ಸಣ್ಣದಾಗಿತ್ತು. "ಒಂದು ಪೂರಾ ಕಾಲು, ಮ್ಯಾಲ ಒಂದು ಪಾವು. ಎಷ್ಟಾತು?" ಎಂದು ತರಗತಿಯನ್ನು ಕೇಳಿದರು. "ಸವ್ವಾ ಸರ್!" ಎಂದು ನಾವು ಕೂಗಿದೆವು. ಒಂದೂಕಾಲು. "ಬರೋಬ್ಬರಿ. ಸವ್ವಾ, ಕೂಡು." ಹಣಮಂತನೂ ನಕ್ಕ. ಇವತ್ತು ಅವನಿಗೆ ಇಬ್ಬರು ಮಕ್ಕಳು, ಊರಲ್ಲಿ ಸವ್ವಾನ ಮಕ್ಕಳು ಎಂದೇ ಗುರುತು. ನನಗೆ ಮುಂದಿನ ಹಲ್ಲು ಮುರಿದಿತ್ತು. "ಬಾಯಿ ತೆರಿ" ಎಂದರು, ತೆರೆದೆ. "ಗಾಳಿ ಛಲೋ ಬರ್ತದ. ಖಿಡಕಿ" ಎಂದರು. ಮದುವೆಯ ಅಕ್ಷತೆ ಬೀಳುವಾಗಲೂ ಗೆಳತಿಯರು ಅದೇ ಹೆಸರಲ್ಲಿ ನನ್ನನ್ನು ಕೂಗಿದರು. ಇಂಥವು ನಗುವಂಥವೇ ಎಂದು ನಾವೂ ನಕ್ಕೆವು.

"ಸುಜಾತಾ."

"ಹಾಜರ್ ಸರ್." ಎದ್ದು ನಿಂತಳು.

"ಯಾರಿಟ್ಟಾರವ್ವ ಈ ಹೆಸರು?"

"ನಮ್ಮಪ್ಪ ಇಟ್ಟಾನ್ರಿ."

"ಅರ್ಥ ಗೊತ್ತದೇನು ನಿಮ್ಮಪ್ಪಗ?"

ಅವರು ಪಾಠ ಹೇಳುವ ದನಿಯಲ್ಲೇ, ಮೆತ್ತಗೆ ಬಿಡಿಸಿ ಹೇಳಿದರು. "ಸು ಅಂದ್ರ ಒಳ್ಳೇದು. ಜಾತಾ ಅಂದ್ರ ಹುಟ್ಟಿದಾಕಿ. ಒಳ್ಳೆ ಕುಲದಾಗ ಹುಟ್ಟಿದಾಕಿ." ಮುಂದಿನ ಬೆಂಚಿನ ಕಡೆ ನೋಡಿದರು. ಅಲ್ಲಿ ಊರಿನ ದೊಡ್ಡ ಮನೆಗಳ ಹುಡುಗರು ಕೂತಿದ್ದರು. ಅವರಿಗೆ ಅರ್ಥವಾಯಿತು, ಕಿಸಕ್ಕೆಂದರು. "ಭಾಳ ಭಾರ ಅದ ನಿನಗ ಈ ಹೆಸರು. ಜರಾ ಹಗರ ಮಾಡೋಣು." ಕನ್ನಡಕ ತೆಗೆದರು. "ನಿಮ್ಮವ್ವ ಎಲ್ಲಿ ಸತ್ತಳು?"

"ಕೆನಾಲಿನಾಗ್ರಿ."

"ಹಾಂ. ಕೆನಾಲ್." ಕನ್ನಡಕ ಒರೆಸಿ ಹಾಕಿಕೊಂಡರು. "ಇವತ್ತಿನಿಂದ ನೀ ಕೆನಾಲ್. ಕೂಡು."

ತರಗತಿ ನಕ್ಕಿತು. ಮಕ್ಕಳು ನಗುವುದಕ್ಕೆ ಕಾರಣ ಬೇಕಾಗುವುದಿಲ್ಲ, ದೊಡ್ಡವರ ಅಪ್ಪಣೆ ಸಿಕ್ಕರೆ ಸಾಕು. ಸುಜಾತಾ ಕೂರಲಿಲ್ಲ. ಅವರು ಮುಂದಿನ ಹೆಸರು ಕರೆದರು, ಅದರ ಮುಂದಿನದು ಕರೆದರು, ಹಾಜರಿ ಮುಗಿಯಿತು, ಪಾಠ ಶುರುವಾಯಿತು. ಅವಳು ನಿಂತೇ ಇದ್ದಳು. ಮಧ್ಯಾಹ್ನದ ಗಂಟೆಯಾದಾಗ ನಾನು ಅವಳ ಲಂಗ ಜಗ್ಗಿ ಕೂರಿಸಿದೆ.

ಮರುದಿನ ಹಾಜರಿ ಕರೆಯುವಾಗ "ಸುಜಾತಾ" ಬರಲೇ ಇಲ್ಲ. "ಕೆನಾಲ್" ಎಂದರು.

ಸುಜಾತಾ ಪಾಟಿ ಒರೆಸುತ್ತ ಕೂತಿದ್ದಳು.

"ಕೆನಾಲ್ ಬಂದಿಲ್ಲೇನು?"

"ಬಂದಾಳ್ರಿ ಸರ್, ಇಲ್ಲೇ ಕುಂತಾಳ" ಎಂದು ಎಲ್ಲರೂ ಕೈ ತೋರಿಸಿದೆವು.

ಅವಳತ್ತ ನೋಡಿಯೇ, "ನನಗ ಕಾಣವಲ್ದು" ಎಂದು ಗೈರುಹಾಜರಿ ಹಾಕಿದರು.

ಇದು ದಿನಾ ನಡೆಯಿತು. ಅವರು ಬೈಯಲಿಲ್ಲ, ದನಿ ಏರಿಸಲಿಲ್ಲ. ಕರೆಯುತ್ತಿದ್ದರು, ಕಾಯುತ್ತಿದ್ದರು, ಗೈರು ಹಾಕುತ್ತಿದ್ದರು. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಎರಡೂ ಕೈ ಬೆಂಚಿನ ಮೇಲಿಟ್ಟು ಕೂತಿರುತ್ತಿದ್ದಳು. ಲೆಕ್ಕ ಹಲಗೆಯ ಮೇಲೆ ಬರೆದಾಗ ಅವಳೂ ಬರೆದುಕೊಳ್ಳುತ್ತಿದ್ದಳು. ಅವರು ಎಲ್ಲರ ಪಾಟಿ ನೋಡಿ ಸರಿ ತಪ್ಪು ಹೇಳುತ್ತ ಬಂದು, ಅವಳ ಪಾಟಿ ಬಂದಾಗ ಅಲ್ಲಿ ಯಾರೂ ಇಲ್ಲದಂತೆ ದಾಟಿ ನನ್ನ ಪಾಟಿ ಎತ್ತಿಕೊಳ್ಳುತ್ತಿದ್ದರು. ಅವಳು ನೀರು ಕುಡಿಯಲು ಹೋದಾಗ ಹುಡುಗರು "ಕೆನಾಲ್ ಬಂದಾಳ, ದೂರ ಸರೀರಿ, ಮುಳಗ್ತೀರಿ" ಎಂದು ಕೂಗುತ್ತಿದ್ದರು.

ಒಮ್ಮೆ ಕೇಳಿದೆ. "ಒಂದ ಸಲ ಹಾಜರ್ ಅಂದ್ರ ಏನಾಗ್ತದ ಸುಜಾತಾ? ನಾ ಅನ್ನಂಗಿಲ್ಲೇನು ಖಿಡಕಿ ಅಂದಾಗ?"

"ನಿನಗ ಖಿಡಕಿ ಅಂದಾಗ ಖಿಡಕಿ ಕಾಣ್ತದ" ಎಂದಳು. "ನನಗ ನಮ್ಮವ್ವನ ಸೀರಿ ಕಾಣ್ತದ, ಆ ಸರಳಿಗಿ ಸಿಕ್ಕಿದ್ದು."

ನಾಟಿ ಕೆಲಸ ಮುಗಿದ ಮೇಲೆ ಮರೆಪ್ಪನ ಕಿವಿಗೆ ಬಿತ್ತು. ಶಾಲೆಗೆ ಬಂದ. ಚಪ್ಪಲಿ ಗೇಟಿನ ಹತ್ತಿರವೇ ಬಿಟ್ಟು, ಬಾಗಿಲ ಹೊರಗೆ ನಿಂತು ಕೈ ಮುಗಿದ. ಅವರು ಎದ್ದು ಹೋಗಿ ಬಹಳ ಮರ್ಯಾದೆಯಿಂದ ಮಾತಾಡಿಸಿದರು. ಕಿಟಕಿಯಿಂದ ನಮಗೆಲ್ಲ ಕೇಳಿಸುತ್ತಿತ್ತು.

"ಬರ್ರಿ ಮರೆಪ್ಪ. ಏನ್ ಬಂದ್ರಿ?"

"ಸರ್, ಕೂಸಿನ ಹೆಸರು ಸುಜಾತಾ ಐತ್ರಿ. ಹಂಗ ಕರದ್ರ ಬೇಶ್ ಆಗ್ತಿತ್ತು."

"ಯಾಕಿಟ್ರಿ ಅದನ್ನ?"

ಮರೆಪ್ಪನ ಮುಖ ಅರಳಿತು. ಯಾರಾದರೂ ಕೇಳಲಿ ಎಂದು ಕಾದಿದ್ದವನಂತೆ ಹೇಳಿದ. "ಬುದ್ಧ ಉಪವಾಸ ಬಿದ್ದು ಸೊರಗಿದ್ದನಂತ್ರಿ. ಆವಾಗ ಒಬ್ಬಾಕಿ ಪಾಯಸ ತಂದು ಕೊಟ್ಟಳಂತ. ಆಕಿ ಹೆಸರು ಸುಜಾತಾ ಅಂತ್ರಿ."

"ಹಂಗೇನು!" ಅವರು ತಲೆದೂಗಿದರು. "ಪಾಯಸ ಮಾಡಾಕ ಸಾಲಿ ಯಾಕ ಬೇಕು ಮರೆಪ್ಪ? ಮನಿಯಾಗ ಇಟಗೋರಿ. ಅಡಗಿ ಕಲೀತಾಳ."

ಒಳಗೆ ತರಗತಿ ನಕ್ಕಿತು. ಮರೆಪ್ಪನೂ ನಗಬೇಕೋ ಏನೋ ಎಂದು ತಿಳಿಯದೆ ಸ್ವಲ್ಪ ನಕ್ಕ. ಕೈ ಮುಗಿದು ಹೊರಟುಹೋದ. ಸುಜಾತಾ ತಲೆ ಎತ್ತಲಿಲ್ಲ.

ಆಗ ಏಳನೆಯ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಚಳಿಗಾಲದಲ್ಲಿ ಪರೀಕ್ಷೆಯ ಅರ್ಜಿ ತುಂಬಿಸಿದರು. ಅವಳಿಗೆ ಅರ್ಜಿ ಕೊಡಲಿಲ್ಲ, ಹಾಜರಿ ಸಾಲದು ಎಂದು. ವರ್ಷವಿಡೀ ಒಂದು ದಿನವೂ ಶಾಲೆ ತಪ್ಪಿಸದ ಹುಡುಗಿ ಅವಳು. ಆಗಿದ್ದ ಹೆಡ್‌ಮಾಸ್ತರರು ಒಳ್ಳೆಯವರು, ಹೆದರುಪುಕ್ಕಲರು. ಮರೆಪ್ಪ ಅವರ ಕಾಲು ಹಿಡಿದಾಗ, "ಅದು ಅವರ ತರಗತಿ ತಮ್ಮಾ. ಹಾಜರಿ ಅವರ ಕೈಯಾಗದ. ಅವರನ್ನ ಕೇಳು" ಎಂದು ಕಾಲು ಹಿಂದೆಳೆದುಕೊಂಡರು.

ಒಂದು ಬೆಳಿಗ್ಗೆ ಮರೆಪ್ಪ ಮಗಳ ರಟ್ಟೆ ಹಿಡಿದು ತರಗತಿಯ ಒಳಗೇ ಬಂದ. ಹಾಜರಿ ನಡೆಯುತ್ತಿತ್ತು.

"ಸರ್, ನೀವು ಹೇಳಿದಂಗ ಕೇಳ್ತಾಳ್ರಿ. ಕೂಸಿನ ವರ್ಷ ಉಳಸ್ರಿ."

ಅವರು ಪೆನ್ನು ಕೆಳಗಿಟ್ಟರು. "ನಾ ಏನ್ ಕೇಳೀನಿ ಮರೆಪ್ಪ? ಹೆಸರು ಕರದಾಗ ಹಾಜರ್ ಅನ್ನು ಅಂದೀನಿ. ಎಲ್ಲಾ ಮಕ್ಕಳು ಅಂತಾರ. ಒಂದ ಸಲ ಅನ್ನಲಿ, ವರ್ಷದ ಹಾಜರಿ ಈಗ ತುಂಬತೀನಿ."

ಮರೆಪ್ಪ ಮಗಳ ಕಡೆ ತಿರುಗಿದ. "ಅನ್ನವ್ವ."

ಅವಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಅನ್ನವ್ವ ನನ್ನವ್ವ. ಒಂದ ಸಲ. ನಿನ್ನ ಕಾಲ ಬೀಳ್ತೀನಿ." ಆತ ನಿಜವಾಗಿಯೂ ಬಗ್ಗಿದ. ಅವಳು ಹಿಂದೆ ಸರಿದಳು.

"ಕೆನಾಲ್" ಎಂದರು ಅವರು, ಹಾಜರಿ ಕರೆಯುವ ಮಾಮೂಲು ದನಿಯಲ್ಲಿ.

ಮೊದಲು ಅವಳ ಬಾಯಿ ಆಡಿತು, ದನಿ ಹೊರಡಲಿಲ್ಲ. ಆಮೇಲೆ ಹೊರಟಿತು.

"ಹಾಜರ್ ಸರ್."

"ಕೇಳಸಲಿಲ್ಲ."

"ಹಾಜರ್ ಸರ್!" ಎಂದು ಚೀರಿದಳು. ಪಕ್ಕದ ತರಗತಿಯ ಮಕ್ಕಳು ಬಾಗಿಲಿಗೆ ಬಂದು ಇಣುಕಿದರು.

ಅವರು ತೃಪ್ತಿಯಿಂದ ನಕ್ಕರು. ಲೆಕ್ಕ ಸರಿ ಬಿಡಿಸಿದ ಹುಡುಗನಿಗೆ ತೋರುತ್ತಿದ್ದ ನಗು ಅದು, ನಮಗೆಲ್ಲ ಬಹಳ ಇಷ್ಟವಾದದ್ದು. "ನೋಡು, ಇಷ್ಟ ಇತ್ತು. ಇದಕ್ಕ ವರ್ಷ ಹಾಳ ಮಾಡಿಕೊಂಡಿ." ಹಾಜರಿ ಪುಸ್ತಕದಲ್ಲಿ ಅವತ್ತಿನ ಹಾಜರಿ ಹಾಕಿದರು. ಆಮೇಲೆ ಮರೆಪ್ಪನಿಗೆ ಹೇಳಿದರು. "ಆದ್ರ ಏನ್ ಮಾಡೋದು ಮರೆಪ್ಪ, ಅರ್ಜಿ ಎಲ್ಲಾ ನಿನ್ನೇನ ಶಹಾಪುರಕ್ಕ ಹೋಗ್ಯಾವ."

ಮರೆಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ಕೈ ಮುಗಿದೇ ನಿಂತಿದ್ದ, ಕೈ ಇಳಿಸುವುದು ಮರೆತು ಹೋಗಿತ್ತು. ಹೊರಗೆ ಹೋಗಿ ನೀರಿನ ಟಾಕಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ತನ್ನ ಕೆನ್ನೆಗೇ ಹೊಡೆದುಕೊಳ್ಳತೊಡಗಿದ. ಪಟ್, ಪಟ್ ಎಂದು ತರಗತಿಗೆ ಕೇಳಿಸುತ್ತಿತ್ತು. ಸುಜಾತಾ ಪಕ್ಕದಲ್ಲಿ ನಿಂತು, "ಏಳಪ್ಪ. ಮಂದಿ ನೋಡಾಕತ್ತಾರ" ಎಂದಳು. ಒಳಗೆ ಅವರು ಹಲಗೆಯ ಮೇಲೆ ಸರಳಬಡ್ಡಿಯ ಲೆಕ್ಕ ಬರೆಯುತ್ತಿದ್ದರು.

ಅವಳು ಮತ್ತೆ ಶಾಲೆಗೆ ಬರಲಿಲ್ಲ. ಅಪ್ಪನ ಜೊತೆ ನಾಟಿಗೆ ಹೋಗತೊಡಗಿದಳು. ಆಮೇಲೆ ದೇವಾಪುರಕ್ಕೆ ಕೊಟ್ಟರು. ಅಲ್ಲಿ ಅಂಗನವಾಡಿಯಲ್ಲಿ ಆಯಾ ಬೇಕೆಂದಾಗ ಕೇಳಿಕೊಂಡು ಹೋದಳಂತೆ. ಏಳನೆಯ ತರಗತಿ ಪಾಸಾದ ಸರ್ಟಿಫಿಕೇಟ್ ಕೇಳಿದರಂತೆ. ಇರಲಿಲ್ಲ.

ನಾನು ಕಲಿತೆ. ಶಿಕ್ಷಕಿಯಾದೆ. ಅಲ್ಲಿ ಇಲ್ಲಿ ಕೆಲಸ ಮಾಡಿ ನಮ್ಮ ಊರ ಶಾಲೆಗೇ ವರ್ಗವಾಗಿ ಬಂದಾಗ ಅವರಿನ್ನೂ ಅಲ್ಲೇ ಇದ್ದರು. ಕೂದಲು ಬೆಳ್ಳಗಾಗಿತ್ತು, ಸೈಕಲ್ ಹೋಗಿ ಸ್ಕೂಟರ್ ಬಂದಿತ್ತು. ನನ್ನನ್ನು ನೋಡಿ ನಿಜವಾಗಿ ಸಂತೋಷಪಟ್ಟರು. ಮಕ್ಕಳ ಮುಂದೆ ಕರೆದುಕೊಂಡು ಹೋಗಿ, "ಇವರು ನನ್ನ ಶಿಷ್ಯೆ. ಖಿಡಕಿ ಟೀಚರ್" ಎಂದು ಪರಿಚಯಿಸಿದರು. ಮಕ್ಕಳು ಬಹಳ ನಕ್ಕರು. ಹಲ್ಲು ಕಟ್ಟಿಸಿಕೊಂಡು ವರ್ಷಗಳಾಗಿದ್ದವು.

ಅವರಿಗೂ ಚಿಕ್ಕಂದಿನಲ್ಲಿ ಯಾರೋ ಹೀಗೆ ಮಾಡಿರಬೇಕು, ಆ ನೋವು ಇದು ಎಂದು ಒಬ್ಬಳು ಸಹೋದ್ಯೋಗಿ ಹೇಳುತ್ತಿದ್ದಳು. ನನಗೂ ಹಾಗೆ ನಂಬುವ ಆಸೆಯಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೇಳಿಯೇ ಬಿಟ್ಟೆ. "ಸರ್, ನಿಮಗ ಕಲಿಸಿದವರು ಹ್ಯಾಂಗಿದ್ರು?"

"ನನ್ನ ಮಾಸ್ತರು? ಅಬ್ಬಾ! ತಾಯಿ ಇದ್ದಂಗ ಇದ್ರವ್ವ. ಒಂದು ಕೆಟ್ಟ ಮಾತು ಆಡಿದವರಲ್ಲ." ಅವರ ಕಣ್ಣು ಒದ್ದೆಯಾದವು.

"ಮತ್ತ ನೀವು ಮಕ್ಕಳಿಗಿ ಯಾಕ ಹಂಗ ಹೆಸರಿಡ್ತೀರಿ?"

ರೊಟ್ಟಿ ಮುರಿಯುತ್ತ ಸಮಾಧಾನದಿಂದ ವಿವರಿಸಿದರು. "ನೀನೂ ಟೀಚರ್ ಇದ್ದೀ, ಗೊತ್ತಿರ್ಲಿ. ವರ್ಷದ ಮೊದಲ ದಿನ ಮಕ್ಕಳು ಚದುರಿ ಕುಂತಿರ್ತಾವ. ಇವ ದೊಡ್ಡ ಮನಿಯವ, ಅವ ಸಣ್ಣ ಮನಿಯವ. ಆಕಿಗಿ ಇವ ಆಗಂಗಿಲ್ಲ. ಒಬ್ಬರನ್ನ ನೋಡಿ ಉಳಿದವರೆಲ್ಲಾ ಕೂಡಿ ನಕ್ಕರ ನೋಡು, ತರಗತಿ ಒಂದಾಗಿಬಿಡ್ತದ. ಆಮ್ಯಾಲ ಬೆತ್ತಾ ಯಾಕ ಬೇಕು?"

"ಆ ಒಬ್ಬರು, ಸರ್?"

"ಯಾವ ಒಬ್ಬರು?" ಎಂದರು. ಉಪ್ಪಿನಕಾಯಿ ಬೇಕೇನು ಎಂದು ಡಬ್ಬಿ ಮುಂದೆ ಚಾಚಿದರು.

ಅವರ ನಿವೃತ್ತಿಗೆ ಮುಂಚಿನ ಕೊನೆಯ ಜೂನ್. ಶಾಲೆ ತೆರೆದ ದಿನ ಬಾಗಿಲಿಗೆ ಮಾವಿನೆಲೆ ಕಟ್ಟಿದ್ದೆವು. ಮರೆಪ್ಪ ಹಾಸಿಗೆ ಹಿಡಿದಿದ್ದ. ಅವನನ್ನು ನೋಡಿಕೊಳ್ಳಲು ಸುಜಾತಾ ದೇವಾಪುರದಿಂದ ತವರಿಗೆ ಬಂದು, ಮಗಳನ್ನು ನಮ್ಮ ಶಾಲೆಯ ಏಳನೆಯ ತರಗತಿಗೆ ಸೇರಿಸಿದ್ದಳು. ನನಗೆ ತಿಳಿದದ್ದು ಅವಳು ಮಾಸ್ತರರ ಕೋಣೆಯ ಬಾಗಿಲಲ್ಲಿ ಬಂದು ನಿಂತಾಗಲೇ. ನಾನು ಎದುರಿನ ಕೋಣೆಯಲ್ಲಿದ್ದೆ. ಮಗಳು ಹೋಗಿ ಬೆಂಚಿನಲ್ಲಿ ಕೂತಿದ್ದಳು, ಸುಜಾತಾ ಹೊರಗೆ ಹೋಗದೆ ಹೊಸ್ತಿಲಲ್ಲಿ ನಿಂತಿದ್ದಳು.

"ಯಾರವ್ವ ನೀ?" ಎಂದರು ಅವರು.

"ಸುಜಾತಾ, ಸರ್. ಇಲ್ಲೇ ಕಲಿತೀನಿ, ನಿಮ್ಮ ಕೈಯಾಗ."

"ಯಾವ ಸುಜಾತಾ? ನೆನಪಾಗವಲ್ದು."

"ಮರೆಪ್ಪನ ಮಗಳು." ಅವಳ ದನಿ ಗಟ್ಟಿಯಿತ್ತು. "ನನ್ನ ಮಗಳನ್ನ ಹಚ್ಚೀನಿ, ಸರ್. ಆಕಿ ಹೆಸರು ಪ್ರಜ್ಞಾ ಅಂತ. ಪ್ರಜ್ಞಾ ಅಂತನ ಕರೀರಿ. ಅಷ್ಟ ಹೇಳಿ ಹೋಗಾಕ ನಿಂತೀನಿ."

ನಾನು ನನ್ನ ತರಗತಿ ಬಿಟ್ಟು ಹೊರಗೆ ಬಂದೆ. ಅವರು ಅವಳನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ಮುಖ ಬೆಳಗಿತು, ಹಳೆಯ ಗೆಳೆಯ ಸಿಕ್ಕಂತೆ. "ಅಯ್ಯ! ಕೆನಾಲ್ ಅಲ್ಲೇನವ್ವ ನೀ! ಸುಜಾತಾ ಸುಜಾತಾ ಅಂದ್ರ ಹ್ಯಾಂಗ ಗುರುತು ಸಿಗಬೇಕು?" ಕನ್ನಡಕ ತೆಗೆದರು. ಹುಡುಗಿಯ ಕಡೆ ತಿರುಗಿದರು. "ಅವ್ವ ಕೆನಾಲ್. ಮಗಳು ಏನಾಗ್ತಾಳ, ಹೇಳ್ರಿ ನೋಡೋಣು? ದೊಡ್ಡ ಕೆನಾಲಿನಿಂದ ಒಡದು ಬರ್ತದಲ್ಲ ಸಣ್ಣದು?"

"ಉಪಕಾಲುವಿ ಸರ್!" ಎಂದು ಒಬ್ಬ ಹುಡುಗ ಕೂಗಿದ.

ನಾನು ಒಳಗೆ ಹೋದೆ. "ಸರ್, ಆಕಿ ಹೆಸರು ಪ್ರಜ್ಞಾ ಅದ" ಎಂದೆ.

"ನೋಡ್ರಿ, ಖಿಡಕಿ ತೆರೀತು" ಎಂದರು ಅವರು.

ಕೋಣೆ ಬಿದ್ದು ಬಿದ್ದು ನಕ್ಕಿತು. ಆ ನಗು ಇಳಿಯುವುದಕ್ಕೆ ಕಾದು, ಹಾಜರಿ ಪುಸ್ತಕ ತೆರೆದು, ಹೊಸ ಹುಡುಗಿಯನ್ನು ಪ್ರೀತಿಯಿಂದ ನೋಡಿ ಕರೆದರು. "ಉಪಕಾಲುವಿ."

ಪ್ರಜ್ಞಾಗೆ ಏನು ಗೊತ್ತು? ಅವ್ವ ಅವಳಿಗೆ ಏನನ್ನೂ ಹೇಳಿರಲಿಲ್ಲ. ಹೊಸ ಊರು, ಹೊಸ ಶಾಲೆ. ಎಲ್ಲರೂ ನಗುತ್ತಿದ್ದಾರೆ, ಮಾಸ್ತರರು ನಗುತ್ತಿದ್ದಾರೆ, ಬಂದ ದಿನವೇ ತನ್ನನ್ನು ಎಲ್ಲರೂ ಗುರುತಿಸುತ್ತಿದ್ದಾರೆ. ಅವಳೂ ನಗುತ್ತ ಎದ್ದು ನಿಂತು ಗಟ್ಟಿಯಾಗಿ, "ಹಾಜರ್ ಸರ್!" ಎಂದಳು.

ನಾನು ಸುಜಾತಾಳ ಮುಖ ನೋಡಿದೆ. ನೋಡಬಾರದಿತ್ತು.

ಅವಳು ಒಳಗೆ ನಡೆದು ಬಂದು ಮಗಳ ಚೀಲ ಎತ್ತಿಕೊಂಡು, ರಟ್ಟೆ ಹಿಡಿದು ಎಳೆದಳು. ಹುಡುಗಿ ಬೆಂಚು ಹಿಡಿದುಕೊಂಡಳು. "ಯಾಕವ್ವ? ಯಾಕ? ನಾ ಏನ್ ಮಾಡೀನಿ? ಬಿಡು!" ಸುಜಾತಾ ಬಿಡಲಿಲ್ಲ. ಹೊಸ್ತಿಲ ಹತ್ತಿರ ಹುಡುಗಿ ಜೋತುಬಿದ್ದಾಗ ಅವಳ ಬೆನ್ನಿಗೆ ಒಂದು ಏಟು ಹಾಕಿದಳು. ಆ ಕೋಣೆಯಲ್ಲಿ ಒಂದು ಮಗುವಿಗೆ ಏಟು ಬಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಛೇ ಛೇ, ಕೂಸಿನ ಬಡೀಬಾರದವ್ವ" ಎಂದರು ಅವರು. ನಿಜವಾಗಿ ನೊಂದುಕೊಂಡೇ ಎಂದರು.

ನಾನು ಗೇಟಿನವರೆಗೆ ಓಡಿದೆ. ಹುಡುಗಿ ಬಿಕ್ಕುತ್ತಿದ್ದಳು. "ಸರ್ ಛಲೋ ಇದ್ರು. ನೀನ ಕೆಟ್ಟಾಕಿ" ಎಂದು ಅವ್ವನ ಸೊಂಟಕ್ಕೆ ಗುದ್ದುತ್ತಿದ್ದಳು. ಸುಜಾತಾ ಆ ಗುದ್ದು ತಿನ್ನುತ್ತ ನಿಂತಿದ್ದಳು. ನನ್ನನ್ನು ನೋಡಿ, "ಸುರಪುರದಾಗ ಹಚ್ತೀನಿ. ಬಸ್ಸಿಗಿ ಹೋಗಿ ಬರಲಿ" ಎಂದಳು. ಹಾಗೇ ಮಾಡಿದಳು. ಮರೆಪ್ಪ ಸತ್ತ ಮೇಲೆ ದೇವಾಪುರಕ್ಕೆ ಮರಳಿ ಹೋದಳು. ಪ್ರಜ್ಞಾ ಕಲಿಯುತ್ತಿದ್ದಾಳೆ. ಆದರೆ ಬಹಳ ದಿನ ಅವ್ವನ ಜೊತೆ ಸರಿಯಾಗಿ ಮಾತಾಡಲಿಲ್ಲವಂತೆ. ಎಳೆದುಕೊಂಡು ಹೋದದ್ದೇಕೆ ಎಂದು ಮಗಳು ಕೇಳಿದರೆ ಸುಜಾತಾ ಹೇಳುವುದಿಲ್ಲ. ಹೇಳಬೇಕೆಂದರೆ ಆ ಹೆಸರು ತನ್ನ ಬಾಯಿಂದಲೇ ಹೇಳಬೇಕಲ್ಲ.

ಅವರು ನಿವೃತ್ತರಾದಾಗ ಊರೇ ನೆರೆಯಿತು. ಶಾಲು, ಹಾರ, ಟ್ರ್ಯಾಕ್ಟರಿನಲ್ಲಿ ಮೆರವಣಿಗೆ. ಹಣಮಂತ ಕುಂಟುತ್ತ ಬಂದು ಅವರ ಕಾಲಿಗೆ ಬಿದ್ದ. ಅವರು ಎತ್ತಿ ಅಪ್ಪಿಕೊಂಡು, "ಸವ್ವಾ, ಹ್ಯಾಂಗಿದ್ದಿ?" ಎಂದರು. ಮೈಕಿನಲ್ಲಿ ಅದು ಊರಿಗೆಲ್ಲ ಕೇಳಿಸಿತು. ಎಲ್ಲರೂ ಪ್ರೀತಿಯಿಂದ ನಕ್ಕರು. ಅವರ ಕಣ್ಣಲ್ಲಿ ನೀರಿತ್ತು, ಹಣಮಂತನ ಕಣ್ಣಲ್ಲೂ ಇತ್ತು. ಅವೆರಡೂ ಒಂದೇ ನೀರು ಎಂದು ನಾನು ಹೇಳಲಾರೆ.

ತೀರಿಕೊಂಡ ದಿನ ಸಂತಾಪ ಸಭೆ ಮಾಡಿ ಮಕ್ಕಳನ್ನು ಮನೆಗೆ ಬಿಟ್ಟ ಮೇಲೆ ನಾನು ದೇವಾಪುರಕ್ಕೆ ಫೋನ್ ಹಚ್ಚಿದೆ. ಸುಜಾತಾ ಹತ್ತಿ ಬಿಡಿಸುವಲ್ಲಿದ್ದಳು, ಹಿಂದೆ ಹೆಂಗಸರ ಮಾತು ಕೇಳುತ್ತಿತ್ತು.

"ಸರ್ ಹೋದ್ರವ್ವ" ಎಂದೆ. ಯಾವ ಸರ್ ಎಂದು ಅವಳು ಕೇಳಲಿಲ್ಲ.

"ಹ್ಯಾಂಗ?" ಎಂದಳು.

"ಮಧ್ಯಾಹ್ನ ಊಟ ಮಾಡಿ ಅಡ್ಡ ಆಗ್ಯಾರಂತ. ಚಹಾಕ್ಕ ಎಬ್ಬಿಸಾಕ ಹೋದ್ರ ಇಲ್ಲ."

"ನರಳಲಿಲ್ಲೇನು?"

"ಇಲ್ಲ."

"ಒಂಚೂರೂ?"

"ನಿದ್ದಿಯಾಗ ಹೋಗ್ಯಾರ ಸುಜಾತಾ. ಮುಖಾ ನಕ್ಕಂಗ ಇತ್ತು."

ಹೊಲದಲ್ಲಿ ಯಾರೋ ಅವಳನ್ನು ಕೂಗಿದರು, ಅವಳು ಓಗೊಡಲಿಲ್ಲ.

"ಛೇ" ಎಂದಳು. "ಒಂದಿಷ್ಟು ದಿನಾದ್ರೂ ನರಳಬೇಕಿತ್ತು."

ಗೋಡೆಯ ಮೇಲೆ ಅವರ ಫೋಟೋಕ್ಕೆ ಹಾಕಿದ್ದ ಹೂವಿನ ಹಾರ ಇನ್ನೂ ಬಾಡಿರಲಿಲ್ಲ. ನಾನು ಅದನ್ನೇ ನೋಡುತ್ತ, ಹೂಂ ಎಂದೆ.